ಬಾಳೆಗಿಡದ ಎಲೆ ವಿಸ್ತೀರ್ಣ: ಒಂದೇ ಗಿಡಕ್ಕೆ ಒಮ್ಮೆ 20, ಇನ್ನೊಮ್ಮೆ 9

ಸುಳಿಎಲೆ:
ಎಲೆ ಕೀಳದೆ ಬಾಳೆಯ ಒಟ್ಟು ಎಲೆ ವಿಸ್ತೀರ್ಣ ಲೆಕ್ಕ ಹಾಕಲು ಹೋಗಿ ಸಿಕ್ಕಿಕೊಂಡಿದ್ದೇನೆ. ಮೇಲಿನಿಂದ ಮೂರನೆಯ ಎಲೆಯ ಉದ್ದ 238 ಸೆಂ.ಮೀ., ಅಗಲ 74 ಸೆಂ.ಮೀ. ಎರಡರ ಗುಣಲಬ್ಧವನ್ನು 0.83ರಿಂದ, ಮತ್ತೆ ಗಿಡದಲ್ಲಿರುವ 14 ಎಲೆಗಳಿಂದ ಗುಣಿಸಿದೆ. ಸುಮಾರು 20.5 ಚದರ ಮೀಟರ್ ಬಂತು. ಅದೇ ಗಿಡವನ್ನು ನನ್ನ ತಂಗಿ ಏಣಿ ಹತ್ತಿ ಎಲೆ ಎಲೆಯಾಗಿ ಅಳೆದು ಕೂಡಿಸಿದಳು. ಅವಳ ಲೆಕ್ಕ 9. ದಶಮಾಂಶ ಬಿಂದುವನ್ನು ಮೂರು ಸಲ ಪರೀಕ್ಷಿಸಿದ್ದೇನೆ. ಅವಳು ನಗುತ್ತಿದ್ದಾಳೆ.

ಗುಣಾಕಾರ:
ಉದ್ದವನ್ನು ಎಲ್ಲಿಂದ ಅಳೆದಿರಿ? 14ರಲ್ಲಿ ಯಾವ ಯಾವ ಎಲೆಗಳು ಸೇರಿವೆ? ಗೊನೆ ಬಂದಿದೆಯೇ?

ಸುಳಿಎಲೆ:
ದಿಂಡಿನಿಂದ ಎಲೆಯ ತುದಿಯವರೆಗೆ. ಸುಳಿಯೂ, ಒಣಗಿ ಜೋತಾಡುತ್ತಿರುವ ಎರಡು ಎಲೆಗಳೂ ಸೇರಿ 14. ಗೊನೆ ಇನ್ನೂ ಬಂದಿಲ್ಲ.

ಗುಣಾಕಾರ:
ಹಾಗಾದರೆ ತಪ್ಪುಗಳು ಮೂರು. ತೊಟ್ಟು ಎಲೆಯ ಉದ್ದಕ್ಕೆ ಸೇರುವುದಿಲ್ಲ. ಹಸಿರು ಹಾಳೆ ಆರಂಭವಾಗುವ ಜಾಗದಿಂದ ಟೇಪು ಹಿಡಿಯಬೇಕು. ಬಿಚ್ಚದ ಸುಳಿಯನ್ನೂ ಒಣಗಿದ್ದನ್ನೂ ಎಣಿಸಬಾರದು. ಪೂರ್ತಿ ಬಿಚ್ಚಿದ ಮೊದಲ ಎಲೆಯೇ ಒಂದನೆಯದು.

ಆದರೆ ಹೆಚ್ಚು ಕೆಡಿಸಿದ್ದು ಮೂರನೆಯ ತಪ್ಪು. 0.83 ಒಂದು ಎಲೆಯ ಗುಣಕ. ಉದ್ದ, ಅಗಲಗಳ ಆಯತದಲ್ಲಿ ಎಲೆಯ ದುಂಡನೆಯ ಮೂಲೆಗಳು ತುಂಬುವುದಿಲ್ಲವಲ್ಲ, ಅದಕ್ಕಾಗಿ. ದೀರ್ಘವೃತ್ತವಾಗಿದ್ದರೆ 0.785 ಆಗುತ್ತಿತ್ತು, ಬಾಳೆಲೆ ಅದಕ್ಕಿಂತ ತುಸು ತುಂಬಿಕೊಂಡಿದೆ. ನೀವು ಮೂರನೆಯ ಎಲೆಯನ್ನು 14 ಸಲ ಎಣಿಸಿದ್ದೀರಿ, ಕೆಳಗಿನ ಹಳೆಯ ಎಲೆಗಳೆಲ್ಲ ಅಷ್ಟೇ ದೊಡ್ಡವು ಎಂಬಂತೆ. ಅವು ಚಿಕ್ಕವು. ಅದನ್ನು ಸರಿದೂಗಿಸಲು 2002ರಲ್ಲಿ ಪ್ರಕಟವಾದ ಸೂತ್ರವೊಂದು 0.662 ಎಂಬ ಇನ್ನೊಂದು ಗುಣಕ ಸೇರಿಸುತ್ತದೆ, 0.83ರ ಜಾಗದಲ್ಲಿ 0.80 ಹಿಡಿಯುತ್ತದೆ: ಮೂರನೆಯ ಎಲೆಯ ಉದ್ದ × ಅಗಲ × 0.80 × ಎಲೆಗಳ ಸಂಖ್ಯೆ × 0.662.

ತೋಟದಮೂಲೆ:
ಗುಣಕದ ಜಗಳ ಆಮೇಲೆ, ಮೊದಲು ಟೇಪಿನದು. ಹೊಲಿಗೆಯ ಟೇಪು ಸಾಮಾನ್ಯವಾಗಿ 150 ಸೆಂ.ಮೀ. ಇರುತ್ತದೆ, ಎರಡು ಸಲ ಇಟ್ಟರೆ ನಡುವೆ ಜಾರುತ್ತದೆ. ಉದ್ದದ, ಬಾಗುವ ಟೇಪನ್ನೇ ತೆಗೆದುಕೊಳ್ಳಿ. ಎಲೆ ಕಮಾನಿನಂತೆ ಬಾಗಿರುವುದರಿಂದ ನಡುದಂಟಿನ ಮೇಲೆಯೇ ಟೇಪು ಹಾಯಬೇಕು. ಗಾಳಿಯಲ್ಲಿ ನೇರ ಎಳೆದರೆ ಉದ್ದ ಕಡಿಮೆಯಾಗುತ್ತದೆ.

ಅಗಲವೂ ಹೀಗೆಯೇ. ಎಲೆಯ ಎರಡು ಪಕ್ಕಗಳು ಮಡಿಚಿಕೊಂಡಿದ್ದರೆ ಅಂಚಿನಿಂದ ಅಂಚಿಗೆ ಅಳೆದು ಉಪಯೋಗವಿಲ್ಲ. ಅತಿ ಅಗಲವಾದ ಕಡೆ ನಡುದಂಟಿನಿಂದ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಅಳೆದು ಕೂಡಿಸಿ. ಎರಡೂ ಸಮ ಇರಬೇಕೆಂದಿಲ್ಲ. ಗಾಳಿಗೆ ಸೀಳಿದ ಎಲೆಯನ್ನು ಬಿಟ್ಟುಬಿಡುವವರಿದ್ದಾರೆ. ಸೀಳಿದರೆ ವಿಸ್ತೀರ್ಣ ಎಲ್ಲಿಗೂ ಹೋಗುವುದಿಲ್ಲ, ಪಟ್ಟಿಗಳನ್ನು ಪಕ್ಕಪಕ್ಕಕ್ಕೆ ಸೇರಿಸಿ ಹಿಡಿದು ಅಳೆಯಿರಿ. ಒಣಗಿ ಉದುರಿದ ಭಾಗವನ್ನು ಮಾತ್ರ ಕಳೆಯಬೇಕು.

ಸುಳಿಎಲೆ:
ಮತ್ತೆ ಅಳೆದೆ. ತೊಟ್ಟೇ 38 ಸೆಂ.ಮೀ. ಇತ್ತು! ಉದ್ದ 200, ಅಗಲ 74, ಎಲೆಗಳು 11. ಸೂತ್ರದಂತೆ 8.6 ಚದರ ಮೀಟರ್. ಗಿಡಗಳ ಅಂತರ 1.8 ಮೀಟರ್, ಅಂದರೆ ಒಂದು ಗಿಡಕ್ಕೆ 3.24 ಚದರ ಮೀಟರ್ ನೆಲ. ಎಲೆ ವಿಸ್ತೀರ್ಣ ಸೂಚ್ಯಂಕ, ಅಂದರೆ ಎಲೆ ವಿಸ್ತೀರ್ಣವನ್ನು ನೆಲದ ವಿಸ್ತೀರ್ಣದಿಂದ ಭಾಗಿಸಿದ್ದು, 2.7ರ ಹತ್ತಿರ. ಮೊದಲಿನ ಲೆಕ್ಕದಲ್ಲಿ 6.3 ಬಂದಿತ್ತು. ಗೊನೆ ಬಂದ ಗಿಡಗಳಿಗೂ ಇದನ್ನೇ ಬಳಸಬಹುದೇ? ಮತ್ತೆ, ತಂಗಿಯ 9ಕ್ಕೂ ನನ್ನ 8.6ಕ್ಕೂ ಈಗಲೂ ವ್ಯತ್ಯಾಸವಿದೆಯಲ್ಲ?

ಗುಣಾಕಾರ:
ಗೊನೆ ಬಂದ ಮೇಲೆ ಹೊಸ ಎಲೆ ಬರುವುದಿಲ್ಲ, ಕೊನೆಯ ಎಲೆಗಳು ಚಿಕ್ಕವಾಗಿರುತ್ತವೆ. ಅಲ್ಲಿ ಮೂರನೆಯ ಎಲೆಯನ್ನು ನಂಬುವುದಕ್ಕಿಂತ ನಿಮ್ಮ ತಂಗಿಯ ಏಣಿಯೇ ಒಳ್ಳೆಯದು. ಇನ್ನು, ಪ್ರತಿ ಎಲೆಗೆ ಅವರು ಯಾವ ಗುಣಕ ಹಾಕಿದ್ದರು?

ಸುಳಿಎಲೆ:
0.83. ಅದನ್ನು 0.80 ಮಾಡಿದರೆ ಅವಳದೂ 8.7ಕ್ಕೆ ಇಳಿಯುತ್ತದೆ. ಈ ವಿಷಯವನ್ನು ಅವಳಿಗೆ ಇನ್ನೂ ಹೇಳಿಲ್ಲ.