ಕನ್ನಡ ಸಂಘದ ಊಟದಾಗ ನಮ್ ಕಲಬುರಗಿ, ಬೀದರ ಕಡಿ ರೊಟ್ಟಿ ಯಾಕಿಲ್ಲ? ಈ ಸಲ ಎಳ್ಳಮಾಸಿ (ಎಳ್ಳು ಅಮಾವಾಸ್ಯೆ ಹಬ್ಬ) ಮಾಡೋಣೇನ್ರಿ?

ಬೀದರ ಅಕ್ಕೋರು ನಿನ್ನೆ ಕೇಳಿದ್ರಲ್ಲ, ಇಲ್ಲೇ ಪರದೇಶದಾಗ ಹುಟ್ಟಿದ ಮಕ್ಕಳಿಗಿ ನಮ್ ಊಟ ಹ್ಯಾಂಗ ರೂಢಿ ಮಾಡಸೋದು ಅಂತ, ಅದಕ್ಕ ಬರೀಲಾಕತ್ತೀನಿ, ಉದ್ದ ಆಗ್ತದ, ಬೈಬ್ಯಾಡ್ರಿ.

ಇಲ್ಲಿ ಕನ್ನಡ ಸಂಘದ ಕಾರ್ಯಕ್ರಮ ಅಂದ್ರ ಬಿಸಿಬೇಳೆಬಾತ್, ಚಿತ್ರಾನ್ನ, ಮೈಸೂರ ಪಾಕ್, ಮುಗೀತು. ರುಚಿ ಇರ್ತದ, ನಾನೂ ಹಾಕಿಸ್ಕೊಂಡು ಹಾಕಿಸ್ಕೊಂಡು ತಿಂತೀನಿ, ಅದರ ಬಗ್ಗೆ ತಕರಾರಿಲ್ಲ. ಆದ್ರ ಹೋದ ರಾಜ್ಯೋತ್ಸವದಾಗ ನನ್ ಮಗಳು "ಅಪ್ಪಾ, ನಮ್ ಮನ್ಯಾಗ ಮಾಡೋದು ಕನ್ನಡ ಊಟ ಅಲ್ಲೇನು?" ಅಂತ ಕೇಳಿಬಿಟ್ಟಳು. ನೋಡ್ರಿ, ತಾವು ತಿನ್ನೋದು ಹೊರಗ ನಾಕು ಮಂದಿ ನಡುವನೂ ಹುಡುಗರಿಗಿ ಕಾಣಸ್ಬೇಕು, ಇಲ್ಲಂದ್ರ ಪುಂಡಿ ಪಲ್ಯ, ಅಗಸಿ ಹಿಂಡಿ (ಅಗಸಿ ಬೀಜದ ಚಟ್ನಿಪುಡಿ) ಎಲ್ಲಾ ಅಪ್ಪ ಅವ್ವನ ಹಳೇ ಹಟ ಅಂತ ತಿಳಕೊಂಡು ಬಿಡ್ತಾವ.

ಅದಕ್ಕ ಈ ಸಲ ನಾವೇ ಎಳ್ಳಮಾಸಿ ಮಾಡೋಣ. ಡಿಸೆಂಬರ್ ಕೊನಿಗೋ ಜನವರಿಗೋ ಬರ್ತದ, ಭಾಳ ಸಲ ಸಾಲಿ ರಜಾನೂ ಇರ್ತದ. ಊರಾಗ ಇವತ್ತಿಗೂ ಕಲಬುರಗಿ, ಬೀದರ, ಯಾದಗಿರಿ ಮಂದಿ ಬುತ್ತಿ ಕಟ್ಕೊಂಡು ಹೊಲಕ್ಕ ಹೋಗ್ತಾರ, ಜ್ವಾಳದ ದಂಟಿನ ಗುಡಿಸಲ ಕಟ್ಟಿ ಒಳಗ ಐದು ಕಲ್ಲಿಟ್ಟು ಪಾಂಡವರು ಅಂತ ಪೂಜಿ ಮಾಡಿ, ಹೊಲದ ತುಂಬ ಚರಗ, ಅಂದ್ರ ಭೂಮಿತಾಯಿಗಿ ಎಡಿ, ಚೆಲ್ಲಿ ಆಮ್ಯಾಲ ಊಟಕ್ಕ ಕೂಡ್ತಾರ. ಇಲ್ಲಿ ಹಿಮದಾಗ ಎಲ್ಲಿ ಚರಗ ಚೆಲ್ಲೋದ್ರಿ, ಒಂದು ಹಾಲ್ ಬಾಡಿಗಿಗಿ ಹಿಡೀಬೇಕು.

ಭಜ್ಜಿ ಇಲ್ಲದ ಎಳ್ಳಮಾಸಿ ಇಲ್ಲ. (ಮಿರ್ಚಿ ಭಜಿ ಅಲ್ರಪ್ಪ, ಬೆಂಗಳೂರಿನವರು ಪ್ರತಿ ಸಲ ಕೇಳ್ತಾರ.) ಹಸಿ ತೊಗರಿ, ಹಸಿ ಕಡ್ಲಿ, ಅವರಿಕಾಳು, ಬಟಾಣಿ, ಬದ್ನಿಕಾಯಿ, ಗಜ್ಜರಿ, ಮೆಂತ್ಯಾ ಪಲ್ಯ, ಏನು ಸಿಕ್ಕರೂ ಹಾಕಿ ಕುದಿಸಿ ಹುಣಸಿ ಹುಳಿ, ಕಡ್ಲಿ ಹಿಟ್ಟು ಬಿಟ್ಟು ಗಟ್ಟಿ ಮಾಡೋದು. ಗುಜರಾತಿ ಅಂಗಡಿ ಫ್ರೀಜರ್‌ನಾಗ ತುವರ್ ಲಿಲ್ವಾ, ಪಾಪಡಿ ಲಿಲ್ವಾ ಅಂತ ಪ್ಯಾಕೆಟ್ ಇರ್ತಾವ, ನಮ್ ಹಸಿ ತೊಗರಿ, ಅವರಿ ಅವೇ. ಸೊಪ್ಪು ಸೋಸೋದು, ಗಜ್ಜರಿ ಹೆಚ್ಚೋದು ಹುಡುಗರಿಗೇ ಕೊಡ್ರಿ. ತಾವು ಹೆಚ್ಚಿದ್ದನ್ನ ಬ್ಯಾಡ ಅನ್ನೋ ಹುಡುಗರು ಕಡಿಮಿ. ಯಾರೋ ಪ್ರೆಸೆಂಟೇಶನ್ ಇಡೋಣ, "ನಮ್ಮ ಪರಂಪರೆ" ಅಂತ ಪೋಸ್ಟರ್ ಹಚ್ಚೋಣ ಅಂದ್ರು, ನಂಗ ಅದು ಬ್ಯಾಡ ಅನಸ್ತದ, ಪೋಸ್ಟರ್ ನೋಡಿ ಯಾವ ಹುಡುಗಿಗೂ ಬಾಯಾಗ ನೀರು ಬಂದಿಲ್ಲ.

ರೊಟ್ಟಿ ಒಡೀತದ ಅಂತ ಎಲ್ಲರದೂ ಗೋಳು. ಜ್ವಾಳದಾಗ ಗ್ಲೂಟನ್ ಇರಲ್ಲ, ತಣ್ಣೀರಾಗ ಕಲಸಿದ್ರ ಹಿಡಕೊಳ್ಳಲ್ಲ, ಕುದಿಯೋ ಎಸರು ಹಾಕಿದ್ರ ಸ್ಟಾರ್ಚ್ ಬೆಂದು ಜಿಗಿ ಬರ್ತದ, ಆಮ್ಯಾಲ ಅಂಗೈಲೆ ಚಂದಗಿ ನಾದಬೇಕು. ಇಲ್ಲಿ ಸಿಗೋ ಹಿಟ್ಟು ಎಷ್ಟೋ ತಿಂಗಳದ್ದು, ಜಿಗಿ ಹೋಗಿರ್ತದ, ಅದಕ್ಕ ಜ್ವಾಳ ತಂದು ಮನ್ಯಾಗೇ ಬೀಸ್ಕೊಳ್ರಿ. ಬಡಿಲಾಕ ಬರಲ್ಲ ಅಂದ್ರ ಲಟ್ಟಣಿಗಿಲೆ ಲಟ್ಟಿಸ್ರಿ, ಮ್ಯಾಲ ನೀರು ಸವರೋದು ಮಾತ್ರ ಬಿಡಬ್ಯಾಡ್ರಿ. ಅದೂ ಆಗಲ್ಲಂದ್ರ ಖಡಕ್ ರೊಟ್ಟಿ ಊರಿಂದ ತರಸ್ರಿ, ತಿಂಗಳುಗಟ್ಲೆ ಕೆಡಂಗಿಲ್ಲ. ಕಲಬುರಗಿ ಹೆಣ್ಣಮಕ್ಕಳು ಸಂಘ ಕಟ್ಟಿ "ಕಲಬುರಗಿ ರೊಟ್ಟಿ" ಅಂತ ಹೆಸರಿಟ್ಟು ಆನ್‌ಲೈನ್‌ನಾಗೂ ಮಾರ್ಲಾಕತ್ತಾರ. ಸಣ್ಣ ಹುಡುಗರಿಗಿ ಮುಟಗಿ ಮಾಡಿಕೊಡ್ರಿ, ಬಿಸಿ ರೊಟ್ಟಿ, ಬಳ್ಳೊಳ್ಳಿ, ಎಣ್ಣಿ ಹಾಕಿ ಕುಟ್ಟಿದ್ದು, ಖಾರ ಕಡಿಮಿ ಹಾಕ್ರಿ.

ಬ್ಯಾಳಿ ಮಾತ್ರ ಊರಿಂದ ಬರೋರ ಕಡಿ ತರಸೋಣ. ಗುಲ್ಬರ್ಗಾ ತೊಗರಿಬ್ಯಾಳಿಗಿ 2019ರಾಗ ಜಿಐ ಟ್ಯಾಗ್ (ಇದು ಈ ಊರಿನದೇ ಅನ್ನೋ ಸರ್ಕಾರಿ ಗುರುತು) ಸಿಕ್ಕದ, ಆದ್ರ ಇಲ್ಲಿ ಪ್ಯಾಕೆಟ್ ಮ್ಯಾಲ ಯಾವ ಊರಿಂದು ಅಂತ ಬರ್ದದ್ದು ನಾ ನೋಡೇ ಇಲ್ಲ.

ಇನ್ನೊಂದು, ಹಾಲ್‌ನವರು ಶೇಂಗಾ ಒಳಗ ತರಬ್ಯಾಡ್ರಿ ಅಂತಾರ, ಹುಡುಗರ ಅಲರ್ಜಿ ಸಲುವಾಗಿ. ಹಂಗಾಗಿ ಶೇಂಗಾ ಹೋಳಿಗಿ, ಶೇಂಗಾ ಹಿಂಡಿ ಎರಡೂ ಮನ್ಯಾಗ, ಹಾಲ್‌ಗಿ ಎಳ್ಳ ಹೋಳಿಗಿ. ಎಳ್ಳು ಆಗಿಬರದವರು ಇದ್ರ ಈಗೇ ತಿಳಸ್ರಿ. ಸಜ್ಜಿ (ಬಾಜ್ರಾ) ರೊಟ್ಟಿ ನಾವು ತರ್ತೀವಿ. ಭಜ್ಜಿ ಮಾಡ್ಲಾಕ ದೊಡ್ಡ ಪಾತೇಲಿ ಯಾರ ಹತ್ರ ಅದ?