ರಿಕ್ವೈರ್‌ಮೆಂಟ್‌ಗೆ ಸಹಿ ಹಾಕಿದ ಮೇಲೂ "ಇದಲ್ಲ ನಾವು ಕೇಳಿದ್ದು" ಅಂತಾರೆ, ಎಲ್ಲಿ ತಪ್ಪಾಗಿದೆ?

ಹಾವೇರಿ ಹುಡುಗ:
ಬ್ಯಾಡಗಿಯ ಒಂದು ದಲಾಲಿ ಅಂಗಡಿಗೆ ಮೆಣಸಿನಕಾಯಿ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತಿದ್ದೇನೆ. ಸಾಫ್ಟ್‌ವೇರ್ ಏನೇನು ಮಾಡಬೇಕು ಅನ್ನೋ ರಿಕ್ವೈರ್‌ಮೆಂಟನ್ನು 12 ಪುಟ ಬರೆದು, ಸಾಹುಕಾರರಿಗೆ ಓದಿ ಹೇಳಿ, ಸಹಿ ಹಾಕಿಸಿಕೊಂಡೆ. ಆದರೂ ಮೂರು ಸಲ ವಾಪಸ್ ಬಂತು. ಆ ಪುಟಗಳಲ್ಲಿ ಹೀಗಿದೆ: "ಲಾಟಿನ ತೂಕ, ದರ ಹಾಕಿದರೆ ರೈತರ ಪಟ್ಟಿ ಬೇಗ ಬರಬೇಕು." (ಲಾಟ್ ಅಂದರೆ ಒಟ್ಟಿಗೆ ಮಾರಾಟಕ್ಕಿಟ್ಟ ಚೀಲಗಳು, ಪಟ್ಟಿ ಅಂದರೆ ರೈತರಿಗೆ ಕೊಡುವ ಲೆಕ್ಕದ ಚೀಟಿ.) ಅದನ್ನೇ ಮಾಡಿದ್ದೇನೆ. ಟೆಸ್ಟ್ ಎಲ್ಲಾ ಪಾಸ್. ದಾರಿ ತೋರಿಸಿ.

ಹುಬ್ಬಳ್ಳಿ ಟೆಸ್ಟರ್:
"ಬೇಗ" ಅಂದರೆ ಎಷ್ಟು? ಎರಡು ಸೆಕೆಂಡಾ, ಸಂಜೆಯೊಳಗಾ? ತೂಕ ಮೊದಲಾ, ದರ ಮೊದಲಾ? ವ್ಯಾಪಾರಿಗಳು ಹಾಕಿದ ಟೆಂಡರ್ ದರ ರೈತರಿಗೆ ಒಪ್ಪಿಗೆಯಾಗದಿದ್ದರೆ?

ಸಾಹುಕಾರರು ಇದನ್ನೆಲ್ಲ ಮುಚ್ಚಿಟ್ಟಿಲ್ಲ. ದಿನಾ ಮಾಡುವ ಕೆಲಸವನ್ನು ಬಿಡಿಸಿ ಹೇಳಬೇಕು ಅಂತ ಯಾರಿಗೂ ಹೊಳೆಯಲ್ಲ, ಅಲ್ವಾ? ನಮ್ಮ ಕಸುಬಿನಲ್ಲಿ ಇನ್ನೂ ಬಗೆಹರಿಯದ ಕಷ್ಟ ಇದೇ ಅಂತ ನನಗನಿಸುತ್ತದೆ. ರಿಕ್ವೈರ್‌ಮೆಂಟ್ ಹೇಗೆ ಬರೆಯಬೇಕು ಅಂತ ಹೇಳುವ ಐಇಇಇ 830 ಸ್ಟ್ಯಾಂಡರ್ಡ್ ಹೋಗಿ 2011ರಲ್ಲಿ 29148 ಬಂತು, 2018ರಲ್ಲಿ ಅದನ್ನೂ ತಿದ್ದಿದರು. ಬರೆದದ್ದಕ್ಕೆ ಒಂದೇ ಅರ್ಥ ಇರಬೇಕು, ಪರೀಕ್ಷಿಸಿ ನೋಡುವಂತಿರಬೇಕು ಅಂತ ಅದು ಹೇಳುತ್ತದೆ. ಬಾಯಿಗೇ ಬಾರದ ವಿಷಯವನ್ನು ನಾವೇ ಹೋಗಿ ಹುಡುಕಬೇಕು.

ಸೋಮವಾರ ಇಲ್ಲವೇ ಗುರುವಾರ, ಮಾರುಕಟ್ಟೆ ಜೋರಾಗಿರುವಾಗ, ಗುಮಾಸ್ತರ ಪಕ್ಕ ಸುಮ್ನೆ ಕೂತು ನೋಡಿ. ಹಳೇ ಪಟ್ಟಿಗಳಲ್ಲಿ ಹೊಡೆದುಹಾಕಿದ್ದು, ಅಂಚಿನಲ್ಲಿ ಗೀಚಿದ್ದು ಇದ್ದರೆ ಅವನ್ನೇ ಕೇಳಿ ಪಡೆಯಿರಿ. ಬರೆಯುವಾಗ ಈಯರ್ಸ್ (EARS) ಪದ್ಧತಿ ಹಿಡಿಯಿರಿ, ಅಂದರೆ ರಿಕ್ವೈರ್‌ಮೆಂಟಿನ ಪ್ರತಿ ಸಾಲನ್ನೂ ಗೊತ್ತಾದ ಅಚ್ಚಿನಲ್ಲಿ ಬರೆಯುವುದು. 2009ರಲ್ಲಿ ರೋಲ್ಸ್ ರಾಯ್ಸ್‌ನ ಎಂಜಿನಿಯರುಗಳು ಹೊರತಂದದ್ದು. "ಹೀಗಾದಾಗ ಸಿಸ್ಟಮ್ ಇದನ್ನು ಮಾಡಬೇಕು" ಅಂತ ಒಂದು ಸಾಲು. ಬೇಡದ್ದು ನಡೆದರೆ ಏನು ಅನ್ನೋದಕ್ಕೆ ಬೇರೆ ಸಾಲು. ಈ ಎರಡನೇದನ್ನೇ ನಾವು ಜಾಸ್ತಿ ಬಿಡುತ್ತೇವೆ.

ಹಾವೇರಿ ಹುಡುಗ:
ಅಣ್ಣಾ, ಗುರುವಾರ ಇಡೀ ದಿನ ಕೂತಿದ್ದೆ. ದರ ಮೊದಲು ಬರುತ್ತದೆ. ರೈತರು ಒಪ್ಪಿದ ಮೇಲೇ ತೂಕ. ಒಪ್ಪದಿದ್ದರೆ ಚೀಲಗಳು ಅಂಗಡಿಯಲ್ಲೇ ಉಳಿಯುತ್ತವೆ. ನನ್ನ ಪ್ರೋಗ್ರಾಮಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಪಾಪ, ಗುಮಾಸ್ತರು ಆ ಲಾಟನ್ನು ಅಳಿಸಿ ಮತ್ತೆ ಹೊಸ ನಂಬರಿನಲ್ಲಿ ಹಾಕುತ್ತಿದ್ದರು. ಲೆಕ್ಕ ತಪ್ಪುತ್ತಿದ್ದದ್ದು ಅಲ್ಲೇ. "ಬೇಗ" ಅಂದರೆ ರೈತರು ಸಂಜೆ ಬಸ್ ಹಿಡಿಯುವುದರೊಳಗೆ.

ಈಗ ಹೀಗೆ ಬರೆದೆ: "ರೈತರು ದರ ಒಪ್ಪದಿದ್ದರೆ, ಆಗ ಲಾಟ್ ಅದೇ ನಂಬರಿನಲ್ಲಿ ಮುಂದಿನ ಟೆಂಡರಿಗೆ ಉಳಿಯಬೇಕು." ಓದಿದ ಗುಮಾಸ್ತರು ಕೂಡಲೇ ಕೇಳಿದರು: "40 ಚೀಲದಲ್ಲಿ 25 ಮಾತ್ರ ಕೊಡ್ತೀನಿ ಅಂದ್ರೆ?" ಇದನ್ನು ಹೇಗೆ ಬರೆಯಲಿ?

ಹುಬ್ಬಳ್ಳಿ ಟೆಸ್ಟರ್:
ಅವರು ಈಗ ಪುಸ್ತಕದಲ್ಲಿ ಹೇಗೆ ಬರೆಯುತ್ತಾರೆ? ಆ ಪುಟದ ಫೋಟೋ ತೆಗೆದು, ಹೆಸರು ಮರೆಮಾಡಿ, ಇಲ್ಲಿ ಹಾಕಿ.