ಫೋನ್ ಮತ್ತು ಲಿನಕ್ಸ್ ಮಿಂಟ್ ಲ್ಯಾಪ್‌ಟಾಪ್ ಒಂದಕ್ಕೊಂದು ಕಾಣ್ತಿಲ್ಲ, ಸೀರೆ ಫೋಟೋ ಕಳಿಸೋದು ನಿಂತಿದೆ

ಟೋಪ ತೆನಿ, ಇಳಕಲ್

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಿಂದೆ ಮಗ್ಗ ಇದೆ, ಮುಂದೆ ಚಿಕ್ಕ ಅಂಗಡಿ. ಅಪ್ಪ, ಕಾಕಾ ನೇಯುತ್ತಾರೆ. ನಾನು ಸೀರೆಗಳ ಫೋಟೋ ತೆಗೆದು, ಲ್ಯಾಪ್‌ಟಾಪ್‌ನಲ್ಲಿ ಬಣ್ಣ ಸರಿಮಾಡಿ ಪರಊರಿನ ಗಿರಾಕಿಗಳಿಗೆ ಕಳಿಸುತ್ತೇನೆ. ಲ್ಯಾಪ್‌ಟಾಪ್ ಎಂಟು ವರ್ಷ ಹಳೆಯದು, ಹೋದ ವರ್ಷ ಲಿನಕ್ಸ್ ಮಿಂಟ್ (ವಿಂಡೋಸ್ ಥರದ ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿದ ಮೇಲೆ ಚೆನ್ನಾಗಿ ಓಡುತ್ತಿದೆ. ಫೋನ್ ಆಂಡ್ರಾಯ್ಡ್. ಎರಡರಲ್ಲೂ ಕೆಡಿಇ ಕನೆಕ್ಟ್ ಹಾಕಿಕೊಂಡಿದ್ದೆ, ಅದು ಫೋನ್ ಮತ್ತು ಲ್ಯಾಪ್‌ಟಾಪ್ ಅನ್ನು ವೈಫೈ ಮೂಲಕ ಜೋಡಿಸುವ ಆಪ್. ಗ್ಯಾಲರಿಯಲ್ಲಿ ಫೋಟೋ ಆರಿಸಿ ಶೇರ್ ಒತ್ತಿದರೆ ಸಾಕು, ಲ್ಯಾಪ್‌ಟಾಪ್‌ನ ಡೌನ್‌ಲೋಡ್ಸ್‌ಗೆ ಬಂದು ಬೀಳುತ್ತಿತ್ತು.

ಮೂರು ವಾರದಿಂದ ಇದು ನಿಂತಿದೆ. ಲ್ಯಾಪ್‌ಟಾಪ್‌ನಲ್ಲಿ ಫೋನ್ ಹೆಸರು ಕಾಣಲ್ಲ, ಫೋನ್‌ನಲ್ಲಿ ಲ್ಯಾಪ್‌ಟಾಪ್ ಹೆಸರು ಕಾಣಲ್ಲ. ಎರಡರಲ್ಲೂ ಇಂಟರ್ನೆಟ್ ಸರಿಯಾಗಿದೆ. ಆಪ್ ತೆಗೆದು ಮತ್ತೆ ಹಾಕಿದೆ, ಹಳೇ ಪೇರಿಂಗ್ ಅಳಿಸಿದೆ, ಎರಡನ್ನೂ ರೀಸ್ಟಾರ್ಟ್ ಮಾಡಿದೆ, ಏನೂ ಆಗಲಿಲ್ಲ. ವಿಚಿತ್ರ ಏನಂದ್ರೆ ಲ್ಯಾಪ್‌ಟಾಪ್‌ನಿಂದ ಫೋನ್‌ಗೆ ಪಿಂಗ್ (ಇದ್ದೀಯಾ ಅಂತ ಕೇಳೋ ಸಣ್ಣ ಸಂದೇಶ) ಕೊಟ್ಟರೆ ಉತ್ತರ ಬರುತ್ತದೆ! ಹಾಗಿದ್ದ ಮೇಲೆ ನೆಟ್‌ವರ್ಕ್ ಸರಿ ಇದೆ ಅಂತ ಅಲ್ವಾ?

ಕೇಬಲ್ ಹಾಕೋಣ ಅಂದ್ರೆ ಫೋನ್‌ನ ಚಾರ್ಜಿಂಗ್ ಪೋರ್ಟ್ ಸಡಿಲಾಗಿದೆ, ಅರ್ಧಕ್ಕೆ ಕಡಿದುಹೋಗುತ್ತದೆ. ಚಾಟ್ ಆಪ್‌ನಲ್ಲಿ ನನಗೇ ನಾನು ಕಳಿಸಿಕೊಂಡರೆ ಫೋಟೋ ಕುಗ್ಗುತ್ತದೆ. ನಮ್ಮ ಸೀರೆಯಲ್ಲಿ ಒಡಲಿನ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಮಗ್ಗದ ಮೇಲೆ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ತಿಳಿದ ಗಿರಾಕಿಗಳು ಮೊದಲು ಕೇಳೋದೇ ಆ ಕೊಂಡಿಯ ಫೋಟೋ. ಕುಗ್ಗಿದ ಫೋಟೋದಲ್ಲಿ ಅದು ಬರೀ ಒಂದು ಕೆಂಪು ಗೆರೆಯಾಗಿ ಕಾಣುತ್ತದೆ. ಅಪ್ಪ ಎರಡು ದಿನ ಕೂತು ಮಾಡಿದ್ದು ಹಾಗೆ ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಈಗ 140 ಫೋಟೋ ಬಾಕಿ ಇವೆ, ಒಂದೊಂದು ಸುಮಾರು 7 ಎಂಬಿ. ಯಾರಾದರೂ ದಾರಿ ತೋರಿಸಿ.

ನವನಗರದವ, ಬಾಗಲಕೋಟೆ

ಮೂರು ವಾರದ ಹಿಂದೆ ಮನೆಯಲ್ಲಿ ಏನು ಬದಲಾಯ್ತು? ಅದನ್ನು ಮೊದಲು ಹೇಳಿ. ಹೊಸ ರೌಟರ್, ಹೊಸ ಇಂಟರ್ನೆಟ್ ಕನೆಕ್ಷನ್, ಲ್ಯಾಪ್‌ಟಾಪ್‌ನಲ್ಲಿ ಯಾರಾದರೂ ಸೆಟ್ಟಿಂಗ್ ಮುಟ್ಟಿದ್ದು, ಏನೇ ಇದ್ದರೂ. ಚೆನ್ನಾಗಿ ನಡೀತಿದ್ದ ಆಪ್ ಸುಮ್ನೆ ಸುಮ್ನೆ ನಿಲ್ಲಲ್ಲ.

ಆಮೇಲೆ ಎರಡರ ಐಪಿ ವಿಳಾಸ, ಅಂದರೆ ರೌಟರ್ ಪ್ರತಿ ಸಾಧನಕ್ಕೂ ಕೊಡುವ ನಂಬರ್, ಬರೆದು ಹಾಕಿ. ಫೋನ್‌ನಲ್ಲಿ ವೈಫೈ ಹೆಸರಿನ ಪಕ್ಕದ ಗೇರ್ ಗುರುತು ಒತ್ತಿ ಕೆಳಗೆ ಹೋದರೆ ಸಿಗುತ್ತದೆ. ಮಿಂಟ್‌ನಲ್ಲಿ ಕೆಳಗಿನ ಪಟ್ಟಿಯ ನೆಟ್‌ವರ್ಕ್ ಗುರುತು ಒತ್ತಿ, ನೆಟ್‌ವರ್ಕ್ ಸೆಟ್ಟಿಂಗ್ಸ್‌ಗೆ ಹೋಗಿ ನೋಡಿ. ಇವು ಮನೆ ಒಳಗಿನ ನಂಬರ್‌ಗಳು, ಎಲ್ಲರೆದುರು ಹಾಕಿದರೆ ತೊಂದರೆ ಇಲ್ಲ.

ಫೋನ್‌ನಲ್ಲಿ ವಿಪಿಎನ್ (ಇಂಟರ್ನೆಟ್ ಅನ್ನು ಬೇರೆ ದಾರಿಯಿಂದ ಹಾಯಿಸುವ ಆಪ್) ಏನಾದರೂ ಇದ್ದರೆ ಅದನ್ನೂ ಬಂದ್ ಮಾಡಿ ನೋಡಿ.

ಟೋಪ ತೆನಿ, ಇಳಕಲ್

ಅಣ್ಣ, ನೀವು ಕೇಳಿದ ಮೇಲೆ ನೆನಪಾಯ್ತು. ಮನೆ ಹಿಂದಿನ ಮಗ್ಗದ ಮನೆಗೆ ವೈಫೈ ಬರುತ್ತಿರಲಿಲ್ಲ, ಗೋಡೆ ಕಲ್ಲಿನದು, ಎರಡಡಿ ದಪ್ಪ. ಅದಕ್ಕೆ ಇನ್ನೊಂದು ರೌಟರ್ ತಂದು, ಅಂಗಡಿಯ ಫೈಬರ್ ಡಬ್ಬಿಯಿಂದ (ಇಂಟರ್ನೆಟ್ ಬರುವ ಮೊದಲ ರೌಟರ್ ಅದೇ) ಕೇಬಲ್ ಎಳೆದು ಹಾಕಿದೆವು. ಅದೇ ವಾರ ಕಾಕಾನ ಮಗ ಬಂದವನು ಸೇಫ್ ಇರಲಿ ಅಂತ ಲ್ಯಾಪ್‌ಟಾಪ್‌ನ ಫೈರ್‌ವಾಲ್ ಆನ್ ಮಾಡಿದ್ದ.

ಫೋನ್ 192.168.1.7, ಲ್ಯಾಪ್‌ಟಾಪ್ 192.168.0.103. ವಿಪಿಎನ್ ಇಲ್ಲ.

ಒಮ್ಮೆ ಎರಡನ್ನೂ ಮಗ್ಗದ ಮನೆಯ ವೈಫೈಗೇ ಸೇರಿಸಿ ನೋಡಿದೆ, ಆಗಲೂ ಕಾಣಲಿಲ್ಲ. ಅದಕ್ಕೇ ರೌಟರ್ ಕಾರಣ ಅಲ್ಲ ಅಂದುಕೊಂಡಿದ್ದೆ.

ನವನಗರದವ, ಬಾಗಲಕೋಟೆ

ಸಿಕ್ಕಿತು ನೋಡಿ. ನಿಮ್ಮಲ್ಲಿ ತೊಂದರೆ ಎರಡಿವೆ, ಬಾಗಿಲಿಗೆ ಎರಡು ಬೀಗ ಬಿದ್ದ ಹಾಗೆ. ಒಂದು ತೆಗೆದರೂ ಇನ್ನೊಂದು ಹಿಡಿದುಕೊಂಡಿದೆ, ಹಾಗಾಗಿ ನೀವು ಸರಿಯಾದ ಕೀ ಹಾಕಿದಾಗಲೂ ಬಾಗಿಲು ತೆರೆಯಲಿಲ್ಲ.

ಮೊದಲನೇ ಬೀಗ ರೌಟರ್. ವಿಳಾಸದಲ್ಲಿ ಎರಡನೇ ಚುಕ್ಕಿಯ ನಂತರದ ಸಂಖ್ಯೆ ನೋಡಿ, ಒಂದರಲ್ಲಿ 1, ಇನ್ನೊಂದರಲ್ಲಿ 0. ಅಂದರೆ ಫೋನ್ ಒಂದು ನೆಟ್‌ವರ್ಕ್‌ನಲ್ಲಿದೆ, ಲ್ಯಾಪ್‌ಟಾಪ್ ಅದರ ಒಳಗಿನ ಇನ್ನೊಂದು ನೆಟ್‌ವರ್ಕ್‌ನಲ್ಲಿದೆ. ಪಿಂಗ್ ಯಾಕೆ ಹೋಯ್ತು ಅಂದ್ರೆ, ಒಳಗಿನಿಂದ ಹೊರಗೆ ಹೋಗಲು ಎರಡನೇ ರೌಟರ್ ಬಿಡುತ್ತದೆ, ಆ ಉತ್ತರವನ್ನು ವಾಪಸ್ ತಂದೂ ಕೊಡುತ್ತದೆ. ಹೊರಗಿನವರು ತಾವಾಗಿ ಒಳಗೆ ಬರಲು ಮಾತ್ರ ಬಿಡಲ್ಲ. ಒಳಕೋಣೆಯಲ್ಲಿ ಕೂತವರು ಪಡಸಾಲೆಗೆ ಬಂದು ಮಾತಾಡಬಹುದು, ಆದರೆ ಪಡಸಾಲೆಯಲ್ಲಿ ನಿಂತವರಿಗೆ ಒಳಗೆ ಯಾರಿದ್ದಾರೆ ಅಂತಲೇ ಗೊತ್ತಾಗಲ್ಲ. ಕೆಡಿಇ ಕನೆಕ್ಟ್ "ನಾನಿಲ್ಲಿದ್ದೇನೆ" ಅಂತ ಇಡೀ ನೆಟ್‌ವರ್ಕ್‌ಗೆ ಕೂಗು ಹಾಕುತ್ತದೆ, ಇದಕ್ಕೆ ಬ್ರಾಡ್‌ಕಾಸ್ಟ್ ಅನ್ನುತ್ತಾರೆ. ಆ ಕೂಗು ರೌಟರ್ ದಾಟಲ್ಲ.

ಎರಡನೇ ಬೀಗ ಫೈರ್‌ವಾಲ್. ಮಿಂಟ್‌ನಲ್ಲಿ ಅದು ಮೊದಲಿಂದ ಆಫ್ ಇರುತ್ತದೆ, ಆನ್ ಮಾಡಿದರೆ ಹೊರಗಿಂದ ಬರುವುದನ್ನೆಲ್ಲ ತಡೆಯುತ್ತದೆ. ನೀವು ಎರಡನ್ನೂ ಒಂದೇ ವೈಫೈಗೆ ಹಾಕಿದಾಗ ಕೆಲಸ ಕೆಡಿಸಿದ್ದು ಇದೇ. ಹಾಗಂತ ಫೈರ್‌ವಾಲ್ ಆಫ್ ಮಾಡಿ ಕೂರಬೇಡಿ, ತಮ್ಮ ಮಾಡಿದ್ದು ಒಳ್ಳೆಯದೇ. ಒಂದು ಕಿಟಕಿ ತೆರೆದರೆ ಸಾಕು. ಮೆನುವಿನಲ್ಲಿ ಫೈರ್‌ವಾಲ್ ಅಂತ ಹುಡುಕಿ ತೆರೆಯಿರಿ, ರೂಲ್ಸ್‌ಗೆ ಹೋಗಿ ಪ್ಲಸ್ ಒತ್ತಿ. ಅಲೋ, ಇನ್ ಇಟ್ಟು ಪೋರ್ಟ್ (ಆಪ್‌ಗಳು ಮಾತಾಡಲು ಬಳಸುವ ಬಾಗಿಲ ನಂಬರ್) ಜಾಗದಲ್ಲಿ 1714:1764 ಬರೆಯಿರಿ, ನಡುವೆ ಅಡ್ಡಗೆರೆ ಅಲ್ಲ, ಎರಡು ಚುಕ್ಕಿ. ಒಮ್ಮೆ ಟಿಸಿಪಿ ಆರಿಸಿ ಸೇರಿಸಿ, ಮತ್ತೊಮ್ಮೆ ಯುಡಿಪಿ ಆರಿಸಿ ಸೇರಿಸಿ. ಇವು ಡೇಟಾ ಸಾಗಿಸುವ ಎರಡು ಬಗೆ. ಎರಡೂ ಬೇಕು, ಗುರುತು ಹಿಡಿಯೋದು ಯುಡಿಪಿಯಲ್ಲಿ, ಫೈಲ್ ಸಾಗೋದು ಟಿಸಿಪಿಯಲ್ಲಿ.

ಗೋಳಗುಮ್ಮಟದ ಹತ್ತಿರ, ವಿಜಯಪುರ

ಮೇಲೆ ಹೇಳಿದ್ದೆಲ್ಲ ಸರಿ. ಆದರೆ ರೌಟರ್ ಮುಟ್ಟೋ ಮೊದಲು ಐದು ನಿಮಿಷದ ಒಂದು ಪರೀಕ್ಷೆ ಮಾಡಿ ಅಂತ ನನ್ನ ಸಲಹೆ. ಫೋನ್‌ನ ಹಾಟ್‌ಸ್ಪಾಟ್ ಆನ್ ಮಾಡಿ, ಲ್ಯಾಪ್‌ಟಾಪ್ ಅನ್ನು ಅದಕ್ಕೆ ಸೇರಿಸಿ. ಈಗ ನಡುವೆ ಯಾವ ರೌಟರೂ ಇಲ್ಲ. ಇಲ್ಲಿಯೂ ಫೋನ್ ಕಾಣದಿದ್ದರೆ ತಪ್ಪು ಲ್ಯಾಪ್‌ಟಾಪ್ ಅಥವಾ ಫೋನ್‌ನಲ್ಲಿದೆ. ಇಲ್ಲಿ ಕಂಡು ಮನೆ ವೈಫೈಯಲ್ಲಿ ಕಾಣದಿದ್ದರೆ ತಪ್ಪು ರೌಟರ್‌ನಲ್ಲಿದೆ. ಇದು ಗೊತ್ತಿಲ್ಲದೆ ನಾನು ಹಾಸ್ಟೆಲ್‌ನಲ್ಲಿ ಇಡೀ ಒಂದು ರಾತ್ರಿ ಕಳೆದಿದ್ದೇನೆ. ಅಲ್ಲಿನ ವೈಫೈನಲ್ಲಿ ಒಬ್ಬರ ಸಾಧನ ಇನ್ನೊಬ್ಬರದನ್ನು ನೋಡದಂತೆ ತಡೆ ಹಾಕಿದ್ದರು, ಎಪಿ ಐಸೋಲೇಶನ್ ಅಂತ ಹೆಸರು. ಗೆಸ್ಟ್ ವೈಫೈಗಳಲ್ಲಿ ಇದು ಸಾಮಾನ್ಯ. ಇಂಟರ್ನೆಟ್ ಓಡುತ್ತದೆ, ಪಕ್ಕದ ಲ್ಯಾಪ್‌ಟಾಪ್‌ಗೆ ಮಾತ್ರ ಏನೂ ಹೋಗಲ್ಲ.

ಹಾಟ್‌ಸ್ಪಾಟ್‌ನಲ್ಲಿ ಹೆಸರು ತಾನಾಗಿ ಬರದಿದ್ದರೆ, ಫೋನ್‌ನ ಕೆಡಿಇ ಕನೆಕ್ಟ್ ಮೆನುವಿನಲ್ಲಿ ಐಪಿ ಕೊಟ್ಟು ಸಾಧನ ಸೇರಿಸುವ ಆಯ್ಕೆ ಇದೆ, ಲ್ಯಾಪ್‌ಟಾಪ್‌ನ ನಂಬರ್ ಅಲ್ಲಿ ಕೊಡಿ. ಫೋಟೋ ಹೋಗುವುದು ಎರಡರ ನಡುವೆ ಮಾತ್ರ, ಅದಕ್ಕೆ ಮೊಬೈಲ್ ಡೇಟಾ ಖರ್ಚಾಗಲ್ಲ. ಆದರೆ ಲ್ಯಾಪ್‌ಟಾಪ್ ಹಿನ್ನೆಲೆಯಲ್ಲಿ ಅಪ್‌ಡೇಟ್ ಎಳೆಯಲು ಶುರು ಮಾಡಿದರೆ ಡೇಟಾ ಹೋಗುತ್ತದೆ, ಅದಕ್ಕೆ ಪರೀಕ್ಷೆ ಮಾಡುವಾಗ ಫೋನ್‌ನ ಮೊಬೈಲ್ ಡೇಟಾ ಬಂದ್ ಮಾಡಿಡಿ. ಕರೆಂಟ್ ಹೋಗಿ ರೌಟರ್ ಆರಿದಾಗಲೂ ಈ ದಾರಿ ಉಪಯೋಗಕ್ಕೆ ಬರುತ್ತದೆ.

ಘಟಪ್ರಭಾ ದಂಡೆ, ಮುಧೋಳ

ಇಷ್ಟೆಲ್ಲ ಯಾಕೆ ರೀ, ಬ್ಲೂಟೂತ್‌ನಲ್ಲಿ ಕಳಿಸಿಬಿಡಿ. ನಾನು ಯಾವಾಗಲೂ ಹಾಗೇ ಮಾಡೋದು. ಇಲ್ಲಾಂದ್ರೆ ಲೋಕಲ್‌ಸೆಂಡ್ ಅಂತ ಫೈಲ್ ಕಳಿಸೋ ಆಪ್ ಇದೆ, ಅದು ಇನ್ನೂ ಸುಲಭ.

ನವನಗರದವ, ಬಾಗಲಕೋಟೆ

ನಾಲ್ಕು ಫೋಟೋ ಇದ್ದರೆ ಬ್ಲೂಟೂತ್ ಸಾಕು. ಇವರದ್ದು 140, ಹತ್ತಿರ ಹತ್ತಿರ 1 ಜಿಬಿ. ಬ್ಲೂಟೂತ್‌ನಲ್ಲಿ ಸೆಕೆಂಡಿಗೆ ಎರಡು ಮೆಗಾಬಿಟ್ ಸಿಕ್ಕರೆ ಹೆಚ್ಚು, ಒಂದು ಗಂಟೆಗಿಂತ ಜಾಸ್ತಿ ಕಾಯಬೇಕು. ಲೋಕಲ್‌ಸೆಂಡ್ ಒಳ್ಳೆಯದು, ನಾನೂ ಬಳಸುತ್ತೇನೆ, ಐಫೋನ್ ಇರೋರಿಗೂ ಆಗುತ್ತದೆ. ಆದರೆ ಅದಕ್ಕೂ 53317 ಪೋರ್ಟ್ ತೆರೆದಿರಬೇಕು, ಅದೂ ಒಂದೇ ನೆಟ್‌ವರ್ಕ್‌ನಲ್ಲಿ ಹುಡುಕುತ್ತದೆ. ಆಪ್ ಬದಲಿಸಿದರೆ ಬೀಗ ತೆರೆಯಲ್ಲ.

ಟೋಪ ತೆನಿ, ಇಳಕಲ್

ಹಾಟ್‌ಸ್ಪಾಟ್ ಪರೀಕ್ಷೆ ಮಾಡಿದೆ. ಮೊದಲು ಕಾಣಲಿಲ್ಲ. ಫೈರ್‌ವಾಲ್ ಒಂದು ನಿಮಿಷ ಆಫ್ ಮಾಡಿದೆ, ತಕ್ಷಣ ಫೋನ್ ಹೆಸರು ಬಂತು! ಮತ್ತೆ ಆನ್ ಮಾಡಿ ಆ ಎರಡು ರೂಲ್ ಸೇರಿಸಿದೆ, ಈಗಲೂ ಕಾಣುತ್ತಿದೆ. ಮನೆ ವೈಫೈಗೆ ಬಂದು ಎರಡನ್ನೂ ಮಗ್ಗದ ಮನೆಯ ರೌಟರ್‌ಗೆ ಸೇರಿಸಿದರೂ ಕಾಣುತ್ತದೆ. ಫೋನ್ ಹಿಡಿದು ಅಂಗಡಿಗೆ ಬಂದರೆ ಅದು ತಾನಾಗಿ ಅಂಗಡಿಯ ವೈಫೈ ಹಿಡಿಯುತ್ತದೆ, ಆಗ ಹೆಸರು ಮಾಯ. ನೀವು ಹೇಳಿದ ಹಾಗೇ ಎರಡು ಬೀಗ.

ಸೀರೆ ಫೋಟೋ ತೆಗೆಯೋದು ಅಂಗಡಿಯ ಬಾಗಿಲ ಬೆಳಕಿನಲ್ಲಿ, ಲ್ಯಾಪ್‌ಟಾಪ್ ಇರೋದು ಹಿಂದೆ. ಎರಡು ರೌಟರ್ ಇಟ್ಟುಕೊಂಡೇ ಒಂದೇ ನೆಟ್‌ವರ್ಕ್ ಮಾಡಲು ಬರುತ್ತಾ?

ಖಡೇಬಜಾರ್ ಅಕ್ಕ, ಬೆಳಗಾವಿ

ಬರುತ್ತದೆ ತಮ್ಮಾ. ನಾನು ಅಂಗಡಿ, ಕ್ಲಿನಿಕ್‌ಗಳಿಗೆ ನೆಟ್‌ವರ್ಕ್ ಹಾಕಿಕೊಡುತ್ತೇನೆ, ಇದನ್ನು ತಿಂಗಳಿಗೆ ಎರಡು ಮೂರು ಸಲ ನೋಡುತ್ತೇನೆ. ಬಹಳ ಕಡೆ ಪ್ರಿಂಟರ್ ಸಿಗುತ್ತಿಲ್ಲ ಅಂತ ಕರೆಯುತ್ತಾರೆ, ಹೋಗಿ ನೋಡಿದರೆ ಇದೇ ಕಥೆ.

ಎರಡನೇ ರೌಟರ್ ಈಗ ರೌಟರ್ ಆಗಿಯೇ ಕೆಲಸ ಮಾಡುತ್ತಿದೆ, ತನ್ನದೇ ನಂಬರ್ ಹಂಚುತ್ತಿದೆ. ಅದನ್ನು ಬರೀ ಆಕ್ಸೆಸ್ ಪಾಯಿಂಟ್ ಮಾಡಬೇಕು, ಅಂದರೆ ವೈಫೈ ಹರಡುವುದಷ್ಟೇ ಅದರ ಕೆಲಸ, ನಂಬರ್ ಕೊಡೋದು ಅಂಗಡಿಯ ಫೈಬರ್ ಡಬ್ಬಿ ಮಾತ್ರ. ರೌಟರ್‌ನ ಸೆಟ್ಟಿಂಗ್ ಪುಟದಲ್ಲಿ ಆಪರೇಶನ್ ಮೋಡ್ ಅಂತ ಹುಡುಕು. ಅಲ್ಲಿ ಆಕ್ಸೆಸ್ ಪಾಯಿಂಟ್ ಇದ್ದರೆ ಅದನ್ನು ಆರಿಸಿ ಸೇವ್ ಮಾಡು, ಕೆಲಸ ಮುಗೀತು.

ಇಲ್ಲದಿದ್ದರೆ ಕೈಯಿಂದ ಮಾಡಬೇಕು, ಮತ್ತು ಇಲ್ಲಿ ಕ್ರಮ ತಪ್ಪಬಾರದು. ಮೊದಲು ಆ ರೌಟರ್‌ನ ಸ್ವಂತ ಲ್ಯಾನ್ (ಮನೆ ಒಳಗಿನ ನೆಟ್‌ವರ್ಕ್) ವಿಳಾಸವನ್ನು 192.168.1.2 ಮಾಡು. ಫೈಬರ್ ಡಬ್ಬಿಯ ಡಿಎಚ್‌ಸಿಪಿ (ತಾನಾಗಿ ನಂಬರ್ ಹಂಚೋ ವ್ಯವಸ್ಥೆ) ಪಟ್ಟಿ 2ರಿಂದಲೇ ಶುರುವಾಗುತ್ತಿದ್ದರೆ ಅದರ ಹೊರಗಿನ ಬೇರೆ ನಂಬರ್ ಆರಿಸಿಕೋ, ಇಲ್ಲಾಂದ್ರೆ ಮುಂದೆ ಒಂದು ದಿನ ಯಾವುದೋ ಫೋನ್‌ಗೂ ಅದೇ ನಂಬರ್ ಸಿಕ್ಕಿ ಜಗಳ ಆಗುತ್ತದೆ. ಆ ಬದಲಾವಣೆ ಆದ ಮೇಲೆ ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ ಡಿಎಚ್‌ಸಿಪಿ ಆಫ್ ಮಾಡು. ಡಿಎಚ್‌ಸಿಪಿಯನ್ನೇ ಮೊದಲು ಆಫ್ ಮಾಡಿದರೆ ಲ್ಯಾಪ್‌ಟಾಪ್‌ಗೆ ನಂಬರ್ ಸಿಗದೆ ಸೆಟ್ಟಿಂಗ್ ಪುಟಕ್ಕೆ ವಾಪಸ್ ಹೋಗೋದೇ ಕಷ್ಟವಾಗಬಹುದು, ಆಗ ಹಿಂದಿನ ಸಣ್ಣ ರಂಧ್ರದಲ್ಲಿ ಪಿನ್ ಒತ್ತಿ ರೀಸೆಟ್ ಮಾಡಿ ಮೊದಲಿಂದ ಶುರು.

ಕೊನೆಗೆ ಕೇಬಲ್. ಫೈಬರ್ ಡಬ್ಬಿಯಿಂದ ಬಂದ ಕೇಬಲ್ ಈಗ ವ್ಯಾನ್ (ಹೊರಗಿನ ಇಂಟರ್ನೆಟ್ ಬರುವ) ತೂತಿನಲ್ಲಿದೆ, ಅದು ಬೇರೆ ಬಣ್ಣದ್ದೋ ಒಂಟಿಯಾಗಿಯೋ ಇರುತ್ತದೆ. ಅದರಿಂದ ಕಿತ್ತು ಪಕ್ಕದ ಲ್ಯಾನ್ ತೂತುಗಳಲ್ಲಿ ಒಂದಕ್ಕೆ ಹಾಕು. ಇದನ್ನೇ ಬಹಳ ಜನ ಮರೆಯೋದು. ಎರಡೂ ವೈಫೈಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟರೆ ಫೋನ್ ಅಂಗಡಿಯಿಂದ ಮಗ್ಗದ ಮನೆಗೆ ಹೋದರೂ ತಾನಾಗಿ ಬದಲಿಸಿಕೊಳ್ಳುತ್ತದೆ.

ಟೋಪ ತೆನಿ, ಇಳಕಲ್

ಅಕ್ಕಾ, ಆಯ್ತು! ನಮ್ಮ ರೌಟರ್‌ನಲ್ಲಿ ಮೋಡ್ ಆಯ್ಕೆ ಇರಲಿಲ್ಲ, ಕೈಯಿಂದಲೇ ಮಾಡಿದೆ. ಡಬ್ಬಿಯ ಪಟ್ಟಿ 2ರಿಂದ ಶುರುವಾಗಿ 200ಕ್ಕೆ ಮುಗಿಯುತ್ತಿತ್ತು, ಅದಕ್ಕೆ 250 ಕೊಟ್ಟೆ. ಕೇಬಲ್ ಬದಲಿಸಿ ಲ್ಯಾಪ್‌ಟಾಪ್ ವೈಫೈ ಆಫ್ ಆನ್ ಮಾಡಿದ ಕೂಡಲೇ 192.168.1.12 ಬಂತು. ಅಂಗಡಿಯ ಹೊಸ್ತಿಲಲ್ಲಿ ಕೂತು ಶೇರ್ ಒತ್ತಿದೆ.

ಒಂದೇ ತಕರಾರು. ಮೂವತ್ತು ಫೋಟೋ ಹೋದ ಮೇಲೆ ಸ್ಕ್ರೀನ್ ಆರಿತು, ಅಲ್ಲಿಗೇ ನಿಂತಿತು.

ಗೋಳಗುಮ್ಮಟದ ಹತ್ತಿರ, ವಿಜಯಪುರ

ಅದು ಬ್ಯಾಟರಿ ಉಳಿಸೋ ಸೆಟ್ಟಿಂಗ್. ಫೋನ್‌ನ ಆಪ್ಸ್‌ಗೆ ಹೋಗಿ ಕೆಡಿಇ ಕನೆಕ್ಟ್ ತೆರೆಯಿರಿ, ಬ್ಯಾಟರಿ ಅನ್ನೋ ಕಡೆ ಅನ್‌ರಿಸ್ಟ್ರಿಕ್ಟೆಡ್ ಮಾಡಿ. ಕೆಲವು ಫೋನ್‌ಗಳಲ್ಲಿ ಆಟೋ ಸ್ಟಾರ್ಟ್ ಅಂತ ಬೇರೆ ಇರುತ್ತದೆ, ಅದನ್ನೂ ಆನ್ ಮಾಡಿ.

ಟೋಪ ತೆನಿ, ಇಳಕಲ್

ಮಾಡಿದೆ. ಉಳಿದ 110 ಫೋಟೋ ಸ್ಕ್ರೀನ್ ಆರಿದರೂ ಹೋದವು, ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಅಪ್ಪನನ್ನು ಕರೆದು ಚಿಕ್ಕಿ ಪರಾಸ ದಡಿಯ ಸೀರೆಯ ಫೋಟೋ ಲ್ಯಾಪ್‌ಟಾಪ್‌ನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಕೊಂಡಿಗಳು ಒಂದೊಂದಾಗಿ ಎಣಿಸೋ ಹಾಗೆ ಕಾಣುತ್ತಿದ್ದವು. ಅಪ್ಪ ಕನ್ನಡಕ ಏರಿಸಿಕೊಂಡು ನೋಡಿ, "ಇಲ್ಲೊಂದು ಎಳೆ ಸಡ್ಲಾಗೇದ" ಅಂದರು. ಆ ಸೀರೆ ಇನ್ನೂ ಮನೆಯಲ್ಲೇ ಇತ್ತು, ಸರಿಮಾಡಲು ಒಳಗೆ ತೆಗೆದುಕೊಂಡು ಹೋಗಿದ್ದಾರೆ. ಅದೊಂದರ ಫೋಟೋ ನಾಳೆ ಮತ್ತೆ ತೆಗೆಯಬೇಕು.

ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.